ಬಾನೆಟ್ ಮೇಲಿನ ಬ್ರಾಹ್ಮಿ

ಚಳ್ಳಕೆರೆಯಲ್ಲಿ ಚಳಿ ಎಂದರೆ ಮಡಿಕೇರಿಯವರು ನಗುತ್ತಾರೆ. ನಗಲಿ ಬಿಡಿ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಬಟಾಬಯಲು, ಮೋಡವಿಲ್ಲದ ಆಕಾಶ. ಹಗಲೆಲ್ಲ ಕಾದ ನೆಲ ರಾತ್ರಿ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿಗೆ ಇಳಿಯಿತೆಂದರೆ ಎಪ್ಪತ್ತು ದಾಟಿದ ನನ್ನಂಥವರಿಗೆ ಅದೇ ಹಿಮಾಲಯ. ನಮ್ಮ ಊರು ಎಣ್ಣೆಗೆ ಎಷ್ಟು ಹೆಸರಾಗಿದೆಯೋ ಕಂಬಳಿಗೂ ಅಷ್ಟೇ ಹೆಸರಾಗಿರುವುದು ಸುಮ್ಮನೆ ಅಲ್ಲ.

ಚಳಿಗಿಂತ ದೊಡ್ಡ ಆಸ್ತಿ ನಮ್ಮ ಧೂಳು. ಶೇಂಗಾ ಕಿತ್ತ ಮೇಲೆ ಹೊಲಗಳೆಲ್ಲ ಬರಿದಾಗುತ್ತವೆ. ಸಣ್ಣ ಗಾಳಿ ಬೀಸಿದರೂ ಸಾಕು, ಮಣ್ಣು ಎದ್ದು ಬಂದು ಕಿಟಕಿ, ಕಪಾಟು, ಕನ್ನಡಕ ಎಲ್ಲದರ ಮೇಲೂ ಕೂರುತ್ತದೆ. ಮನೆ ಮುಂದೆ ನಿಂತ ಕಾರಿನ ಮೇಲಂತೂ ಕೇಳುವುದೇ ಬೇಡ. ಮಕ್ಕಳಿಗೆ ಅದು ಪುಕ್ಕಟೆ ಸ್ಲೇಟು. ಬೆರಳು ಇಟ್ಟರೆ ಅಕ್ಷರ ಮೂಡುತ್ತದೆ.

ಮಕ್ಕಳೇ, ನಾನು ಹೇಳಹೊರಟಿರುವುದು ಆ ಸ್ಲೇಟಿನ ವಿಷಯವನ್ನೇ. ನಿಮ್ಮ ಅಜ್ಜ-ಅಜ್ಜಿಯರಿಗೂ ಇದರಲ್ಲಿ ಸ್ವಲ್ಪ ಕೆಲಸವಿದೆ.

ಹೋದ ವರ್ಷ ಕ್ರಿಸ್‌ಮಸ್ ರಜೆಗೆ ಮಗಳು, ಅಳಿಯ, ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದರು. ಕಡುನೀಲಿ ಬಣ್ಣದ ಕಾರು, ಸಾಲದ ಕಂತು ಇನ್ನೂ ಎರಡು ವರ್ಷ ಕಟ್ಟಬೇಕು. ಮೊಮ್ಮಗಳಿಗೆ ಹತ್ತು ವರ್ಷ. ನಮ್ಮ ಪಕ್ಕದ ಬೀದಿಯಲ್ಲಿ ಅವಳ ಓರಗೆಯ ಹುಡುಗನೊಬ್ಬನಿದ್ದಾನೆ. ಅವನ ಅಪ್ಪ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಾನೆ, ತಾತ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಇವಳು ಬಂದರೆ ಅವನು ನಮ್ಮ ಮನೆಯಲ್ಲೇ ಊಟ, ನಮ್ಮ ಮನೆಯಲ್ಲೇ ಆಟ.

ಒಂದು ದಿನ ಎಲ್ಲರೂ ಬ್ರಹ್ಮಗಿರಿಗೆ ಹೊರಟೆವು. ತಳುಕು, ಬಿ.ಜಿ.ಕೆರೆ, ಹಾನಗಲ್ ದಾಟಿ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಕಡೆಗೆ. ಅಲ್ಲಿ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಹೀಗೆ ಹತ್ತಿರ ಹತ್ತಿರದಲ್ಲೇ ಮೂರು ಕಡೆ ಇವೆ. 1892ರಲ್ಲಿ ಬಿ.ಎಲ್. ರೈಸ್ ಇವುಗಳನ್ನು ಪತ್ತೆಹಚ್ಚಿದರು. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಗುರುವನ್ನು ಗೌರವಿಸಬೇಕು ಎಂಬ ಅರ್ಥದ ಮಾತುಗಳು ಅಲ್ಲಿವೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಕಲ್ಲಿನಲ್ಲಿ ಕೊರೆದದ್ದು.

ಮಕ್ಕಳಿಗೆ ಅಶೋಕನಿಗಿಂತ ಹಿಡಿಸಿದ್ದು ಅದನ್ನು ಬರೆದವನು. ಅವನ ಹೆಸರು ಚಪಡ. ಶಾಸನದ ಕೊನೆಯಲ್ಲಿ ತಾನು ಬರೆದೆ ಎಂದು ಹೇಳಿಕೊಂಡಿದ್ದಾನೆ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ, ‘ಲಿಪಿಕಾರ’ ಎಂಬ ಅರ್ಥದ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುವಂಥದ್ದು. ನಮ್ಮ ಬಯಲಿಗೆ ಬಂದು ತನಗೆ ಎರಡು ಲಿಪಿ ಬರುತ್ತದೆ ಎಂದು ತೋರಿಸಿ ಹೋಗಿದ್ದಾನೆ ಪುಣ್ಯಾತ್ಮ! ಬ್ರಾಹ್ಮಿಯ ‘ಕ’ ಅಕ್ಷರ ಗಣಿತದ ಕೂಡುವ ಚಿಹ್ನೆಯ ಹಾಗೇ ಇರುತ್ತದೆ, ‘ರ’ ಎಂದರೆ ನೆಟ್ಟಗೆ ಒಂದು ಗೆರೆ ಎಂದು ಮೊಮ್ಮಗಳು ಪುಸ್ತಕದಲ್ಲಿ ಓದಿದ್ದಳು. ದಾರಿಯುದ್ದಕ್ಕೂ ಅದೇ ಮಾತು.

ಮರುದಿನ ಬೆಳಿಗ್ಗೆ ಕಾರಿನ ಮೇಲೆ ಬ್ರಹ್ಮಗಿರಿಯ ಧೂಳು, ಅದರ ಮೇಲೆ ಇಬ್ಬನಿ. ಮೋಡವಿಲ್ಲದ ಚಳಿಯ ರಾತ್ರಿ ಕಾರಿನ ತಗಡು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗಿಬಿಡುತ್ತದೆ. ಆಗ ಗಾಳಿಯಲ್ಲಿರುವ ತೇವ ಅದರ ಮೇಲೆ ಹನಿಗಟ್ಟುತ್ತದೆ. ಧೂಳು, ಇಬ್ಬನಿ ಸೇರಿ ಬಾನೆಟ್ ಮೇಲೆ ತೆಳ್ಳನೆಯ ಕೆಸರಿನ ಪದರ. ನಾವೆಲ್ಲ ಒಳಗೆ ಕಾಫಿ ಕುಡಿಯುವ ಹೊತ್ತಿಗೆ ಇಬ್ಬರು ಲಿಪಿಕಾರರು ಹೊರಗೆ ಕೆಲಸ ಶುರುಮಾಡಿದ್ದರು. ಮೊಮ್ಮಗಳು ಬೆರಳಲ್ಲಿ ತನ್ನ ಹೆಸರು ಬರೆದಳು. ಹುಡುಗ ಬೆರಳಲ್ಲಿ ಅವನ ಹೆಸರು ಬರೆದು, ಕೆಳಗೆ ಬ್ರಾಹ್ಮಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ‘ಕ’ವನ್ನು ದೊಡ್ಡದಾಗಿ ಹಾಕಿದ. ಚಪಡ ಉಳಿ ಬಳಸಿದ್ದನಲ್ಲವೇ, ಅದಕ್ಕೇ ಇವನೂ ಒಂದು ಕಲ್ಲಿನ ಚೂರು ಆರಿಸಿಕೊಂಡ.

ಒಂಬತ್ತು ಗಂಟೆಗೆ ಅಳಿಯ ಕಾರು ತೊಳೆದರು. ಧೂಳು ಹೋಯಿತು, ಹೆಸರುಗಳು ಹೋಗಲಿಲ್ಲ. ಓರೆ ಬಿಸಿಲಿಗೆ ಎರಡು ಹೆಸರು, ಒಂದು ‘ಕ’ ಬೆಳ್ಳಗೆ ಹೊಳೆಯುತ್ತಿದ್ದವು.

“ಯಾರು ಮಾಡಿದ್ದು?” ಎಂದು ಅಳಿಯ ಕೇಳಿದರು. “ನಾನು” ಎಂದ ಹುಡುಗ. “ನಾನೂ” ಎಂದಳು ಮೊಮ್ಮಗಳು. ಅಳಿಯ ಬೈಯಲಿಲ್ಲ. ಆದರೆ ಮುಖ ಸಪ್ಪಗಾಯಿತು. ಫೋನಿನಲ್ಲಿ ಯಾರನ್ನೋ ವಿಚಾರಿಸಿ, “ಇಡೀ ಬಾನೆಟ್ ಪೇಂಟ್ ಮಾಡಿಸಬೇಕಂತೆ ಮಾವ, ಐದಾರು ಸಾವಿರ” ಎಂದರು. ಹುಡುಗ ಅದನ್ನು ಕೇಳಿಸಿಕೊಂಡು ಮೆಲ್ಲನೆ ಮನೆಗೆ ನಡೆದ. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಸಂಜೆ ಮೊಮ್ಮಗಳು ಕರೆಯಲು ಹೋದರೆ ಬಾಗಿಲ ಹಿಂದೆ ನಿಂತು “ಬರಲ್ಲ” ಅಂದನಂತೆ. ಆ ರಾತ್ರಿ ಇವಳೂ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಮೊಳಕಾಲ್ಮೂರಿನಿಂದ ಹುಡುಗನ ತಾತ ಬಂದಿಳಿದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮೊಮ್ಮಗನ ಕೈ. ಒಳಗೆ ಬನ್ನಿ ಎಂದರೂ ಬರದೆ ಅಂಗಳದಲ್ಲೇ ನಿಂತು, ಅಂಗಿಯ ಒಳಜೇಬಿನಿಂದ ಮಡಿಸಿದ ಕವರು ತೆಗೆದರು.

“ಎಷ್ಟಾಗುತ್ತೆ ಹೇಳಿಬಿಡಿ ಬ್ಯಾಂಕ್ ಸಾರ್. ಈಗ ಇಷ್ಟು ತಂದೀನಿ. ಉಳಿದಿದ್ದು ಈ ಸೀರೆ ಮುಗಿದ ಮ್ಯಾಲೆ ತಂದು ಕೊಡ್ತೀನಿ.”

“ಯಜಮಾನ್ರೇ, ಮೊದಲು ಕಾಫಿ ಕುಡೀರಿ. ಆಮೇಲೆ ಗೀರು ನೋಡೋಣ. ಎಷ್ಟು ಆಳ ಅಂತ ತಿಳಿಯದೆ ದುಡ್ಡಿನ ಮಾತು ಯಾಕೆ?” ಎಂದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾರಿನ ಬಣ್ಣ ಎಂದರೆ ಒಂದೇ ಪದರ ಅಲ್ಲ. ತಗಡಿನ ಮೇಲೆ ತುಕ್ಕು ಹಿಡಿಯದ ಹಾಗೆ ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಹೊದಿಕೆ. ಇದಕ್ಕೆ ಪೇಂಟಿಂಗ್‌ನವರು ಕ್ಲಿಯರ್ ಕೋಟ್ ಎನ್ನುತ್ತಾರೆ. ಹೊಳಪು ಬರುವುದು ಇದರಿಂದಲೇ. ಎಲ್ಲ ಪದರ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಒಂದು ಕಾಗದದ ಹಾಳೆಯಷ್ಟೇ ದಪ್ಪ. ಮೇಲಿನ ಕ್ಲಿಯರ್ ಕೋಟ್ 40, 50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಗೀರು ಈ ಮೇಲಿನ ಹೊದಿಕೆಯಲ್ಲೇ ನಿಂತಿದ್ದರೆ ಮನೆಯಲ್ಲೇ ತೆಗೆಯಬಹುದು. ಬಣ್ಣ ದಾಟಿ ಪ್ರೈಮರ್ ಕಂಡರೆ, ತಗಡು ಕಂಡರೆ ಮಾತು ಬೇರೆ.

ತಿಳಿಯುವುದು ಹೇಗೆ? ಎರಡು ಉಪಾಯ. ಒಂದು, ಗೀರಿನ ಮೇಲೆ ನೀರು ಚಿಮುಕಿಸುವುದು. ಒದ್ದೆಯಾದಾಗ ಗೀರು ಮಾಯವಾದರೆ ಅದು ಮೇಲುಮೇಲಿನದು. ಇದಕ್ಕೆ ಕಾರಣ ಬೆಳಕು. ನುಣುಪಾದ ಕಡೆ ಬಿದ್ದ ಬೆಳಕು ಕನ್ನಡಿಯಲ್ಲಿ ಬಿದ್ದ ಹಾಗೆ ಒಂದೇ ದಿಕ್ಕಿಗೆ ಹಿಂದಿರುಗುತ್ತದೆ. ಗೀರಿನ ಅಂಚಿಗೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚೆದುರುತ್ತದೆ. ನಮಗೆ ಬಿಳಿ ಗೆರೆಯಾಗಿ ಕಾಣುವುದು ಆ ಚೆದುರಿದ ಬೆಳಕೇ ಹೊರತು ಬಿಳಿ ಬಣ್ಣ ಅಲ್ಲ. ನೀರು ಗೀರನ್ನು ತುಂಬಿಕೊಂಡಾಗ ಮೇಲ್ಮೈ ಮತ್ತೆ ಸಮನಾಗಿ ಗೆರೆ ಕಾಣದಾಗುತ್ತದೆ.

ಇನ್ನೊಂದು ಉಗುರು. ಗೀರಿಗೆ ಅಡ್ಡಲಾಗಿ ಉಗುರನ್ನು ಹಗುರವಾಗಿ ಎಳೆಯಬೇಕು. ಸಿಕ್ಕಿಕೊಳ್ಳದಿದ್ದರೆ ಪಾಲಿಶ್‌ಗೆ ಹೋಗುತ್ತದೆ, ಸಿಕ್ಕಿಕೊಂಡರೆ ಆಳ ಇದೆ ಎಂದು ಅರ್ಥ. ಬ್ಯಾಂಕಿನಲ್ಲಿ ನಗದು ಎಣಿಸಿದವರಿಗೆ ಇದು ಹೊಸದಲ್ಲ. ನೋಟಿನ ಮೇಲಿನ ಉಬ್ಬು ಮುದ್ರಣವನ್ನು ಕಣ್ಣಿಗಿಂತ ಮೊದಲು ಬೆರಳು ಗುರುತಿಸುತ್ತದೆ.

ನಾನು ಉಗುರು ಇಡುವ ಮೊದಲೇ ಆ ಹಿರಿಯರು ಕಂಬಳಿ ಸರಿಸಿ ಬಾನೆಟ್ ಮೇಲೆ ಬಗ್ಗಿದರು. ಅಕ್ಷರ ಅಕ್ಷರವಾಗಿ ಉಗುರು ಎಳೆಯುತ್ತ ಹೋದರು. ಐವತ್ತು ವರ್ಷ ರೇಷ್ಮೆಯ ಎಳೆ ಮುಟ್ಟಿದ ಕೈ ಅದು. ಕಣ್ಣಿಗೆ ಕಾಣದ ಗಂಟನ್ನೂ ಹಾಸಿನ ಮೇಲೆ ಕೈಯಾಡಿಸಿ ಹೇಳುತ್ತಾರೆ.

“ಸಾರ್, ಎಳೆ ಹರಿದಿಲ್ಲ. ಮ್ಯಾಲೆ ಜುಂಗು ಎದ್ದೈತೆ ಅಷ್ಟೇ,” ಎಂದರು. ಆಮೇಲೆ ‘ಕ’ದ ಹತ್ತಿರ ಉಗುರು ಹಿಡಿಯಿತು. “ಇದೊಂದು ಕಡ್ಡಿ ಮಾತ್ರ ಸ್ವಲ್ಪ ಇಳಿದೈತೆ.”

ಅಳಿಯನೂ ಉಗುರು ಇಟ್ಟು ನೋಡಿದರು. ನೀರು ಚಿಮುಕಿಸಿದರು. ಎರಡು ಹೆಸರುಗಳೂ ಮಾಯವಾದವು! ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಹುಡುಗ ಮಾತ್ರ ನೀರು ಆರುವುದನ್ನೇ ಕಾಯುತ್ತಿದ್ದ. ಆರಿದ ಕೂಡಲೇ ಹೆಸರುಗಳು ಮತ್ತೆ ಎದ್ದವು. ಅವನು ತಾತನ ಕಂಬಳಿಯ ಹಿಂದೆ ಸರಿದ.

ಬೆರಳಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಬೆರಳಿನದು ಏನೂ ಇಲ್ಲ. 1812ರಲ್ಲಿ ಜರ್ಮನಿಯ ಫ್ರೆಡ್ರಿಕ್ ಮೋಸ್ ಎಂಬುವರು ಖನಿಜಗಳ ಗಡಸುತನಕ್ಕೆ ಒಂದು ಅಳತೆಗೋಲು ಮಾಡಿದರು. ಪೌಡರಿನ ಟಾಲ್ಕ್ 1, ವಜ್ರ 10. ನಮ್ಮ ಉಗುರು ಸುಮಾರು ಎರಡೂವರೆ. ಮರಳಿನ ಕಣದಲ್ಲಿರುವ ಕ್ವಾರ್ಟ್ಸ್ 7. ಧೂಳಿನಲ್ಲಿ ಇಂಥ ಕಣಗಳು ಬೇಕಾದಷ್ಟಿರುತ್ತವೆ. ಬೆರಳು ಅವನ್ನು ಒತ್ತಿ ಎಳೆದಾಗ ಕೆಲಸ ಮಾಡುವುದು ಮರಳುಕಾಗದ. ಬೆಳಿಗ್ಗೆ ಎದ್ದು ಇಬ್ಬನಿ ಬಿದ್ದ ಕಾರನ್ನು ಹಳೇ ಬಟ್ಟೆಯಲ್ಲಿ ಗಸಗಸ ಒರೆಸುವ ದೊಡ್ಡವರು ಮಾಡುವುದೂ ಇದನ್ನೇ. ಮಕ್ಕಳು ಹೆಸರು ಬರೆಯುತ್ತಾರೆ, ದೊಡ್ಡವರು ಸುರುಳಿ ಸುತ್ತುತ್ತಾರೆ, ವ್ಯತ್ಯಾಸ ಅಷ್ಟೇ.

ಅಳಿಯ ಆಗಲೇ ಶುರುಮಾಡೋಣ ಎಂದರು. ನಾನು ಬೇಡ ಎಂದೆ. ನಮ್ಮ ಊರಿನ ಟಿಂಕರಿಂಗ್-ಪೇಂಟಿಂಗ್ ಅಂಗಡಿಯವರೊಬ್ಬರ ಖಾತೆ ನನ್ನ ಕೌಂಟರಿನಲ್ಲೇ ಇತ್ತು. ದುಡ್ಡು ಕಟ್ಟಲು ಬಂದಾಗಲೆಲ್ಲ ಒಂದೊಂದು ವಿದ್ಯೆ ಹೇಳಿಹೋಗುತ್ತಿದ್ದರು. ಚಳಿಯಲ್ಲಿ ಬೆಳಿಗ್ಗೆ ಬಣ್ಣಕ್ಕೆ ಕೈ ಹಾಕಬೇಡಿ ಎಂಬುದು ಅವರ ಮೊದಲ ಪಾಠ. ತಣ್ಣನೆಯ ತಗಡಿನ ಮೇಲೆ ಕಣ್ಣಿಗೆ ಕಾಣದ ತೇವ ಉಳಿದಿರುತ್ತದೆ. ಉಜ್ಜುವ ಕಾಂಪೌಂಡು ಗಟ್ಟಿಯಾಗಿರುತ್ತದೆ, ವ್ಯಾಕ್ಸ್ ಹರಡುವುದಿಲ್ಲ, ಅಂಟುಪಟ್ಟಿ ಹಿಡಿಯುವುದಿಲ್ಲ. ಹಾಗೆಂದು ಏಪ್ರಿಲ್ ತಿಂಗಳ ಮಧ್ಯಾಹ್ನವೂ ಬೇಡ, ದೋಸೆ ಹಂಚಿನಂತೆ ಕಾದ ಬಾನೆಟ್ ಮೇಲೆ ಕಾಂಪೌಂಡು ಒಣಗಿ ಚಕ್ಕೆ ಕಟ್ಟುತ್ತದೆ. ಅಂಗೈ ಇಟ್ಟರೆ ತಣ್ಣಗೂ ಇರಬಾರದು, ಬಿಸಿಯೂ ತಾಕಬಾರದು. ನಮ್ಮ ಸೀಮೆಯಲ್ಲಿ ಚಳಿಗಾಲದ ಹನ್ನೊಂದು ಗಂಟೆಯ ಹೊತ್ತೇ ಇದಕ್ಕೆ ಮುಹೂರ್ತ. ಕೆಲವರು ಬೇಗ ಬೆಚ್ಚಗಾಗಲಿ ಎಂದು ಕುದಿಯುವ ನೀರು ಸುರಿಯುತ್ತಾರೆ. ಅದು ಬೇಡ, ಉಗುರುಬೆಚ್ಚಗಿನ ನೀರು ಸಾಕು.

ಹನ್ನೊಂದರವರೆಗೆ ಸಮಯವಿತ್ತು. ಖಾರ ಮಂಡಕ್ಕಿ ಆಯಿತು, ಎರಡನೇ ಕಾಫಿ ಆಯಿತು. ಅಷ್ಟರಲ್ಲಿ ಎದುರು ಮನೆಯವರು ಬಂದು, “ಶೇಂಗಾ ಎಣ್ಣೆ ಒರೆಸ್ರಿ, ಗೀರು ಕಾಣಲ್ಲ” ಎಂದು ಸಲಹೆ ಕೊಟ್ಟರು. ಎಣ್ಣೆ ಊರಿನವರಲ್ಲವೇ! ಅವರ ಮಾತು ಸುಳ್ಳೂ ಅಲ್ಲ. ನೀರಿನ ಹಾಗೆ ಎಣ್ಣೆಯೂ ಗೀರನ್ನು ತುಂಬುತ್ತದೆ, ಬೇಗ ಆರುವುದಿಲ್ಲ. ಒಂದೆರಡು ದಿನ ಗೀರು ಕಾಣುವುದಿಲ್ಲ, ಅಷ್ಟರಲ್ಲಿ ಎಣ್ಣೆಗೆ ಧೂಳು ಮೆತ್ತಿಕೊಂಡು ಮೊದಲಿಗಿಂತ ಕೆಡುತ್ತದೆ. ಹಳೇ ಕಾರು ಮಾರುವವರು ಎಲ್ಲವನ್ನೂ ಫಳಫಳ ಎನ್ನಿಸಿ ತೋರಿಸಿದಾಗ ಒಮ್ಮೆ ತೊಳೆಸಿ ನೋಡಿ ಎಂದು ಹೇಳುವುದು ಇದಕ್ಕೇ.

ಅಳಿಯ ಹೋಗಿ 350 ರೂಪಾಯಿ ಕೊಟ್ಟು ರಬ್ಬಿಂಗ್ ಕಾಂಪೌಂಡು, ಪಾಲಿಶು, ಎರಡು ಮೈಕ್ರೋಫೈಬರ್ ಬಟ್ಟೆ ತಂದರು. ಕಾಂಪೌಂಡು ಚಳಿಗೆ ಬೆಣ್ಣೆಯ ಹಾಗೆ ಗಟ್ಟಿಯಾಗಿತ್ತು. “ಇದನ್ನ ಬೆಚ್ಚಗೆ ಮಾಡೋ ಕೆಲಸ ನಿಂದಪ್ಪ” ಎಂದು ಟ್ಯೂಬನ್ನು ಹುಡುಗನ ಕೈಗೆ ಕೊಟ್ಟೆ. ಅವನು ತಾತನ ಕಂಬಳಿಯೊಳಗೆ ಅದನ್ನು ಅವುಚಿಕೊಂಡು ಕೂತ. ಅವನ ಬಾಯಿಂದ ಮಾತು ಹೊರಟದ್ದು ಆಗಲೇ. “ತಾತ, ಮೆತ್ತಗಾಯ್ತು!”

ಮೊದಲು ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಾಡಿಸಿಯೇ ಶಾಂಪೂಗೆ ಅದ್ದಬೇಕು, ಇಲ್ಲವಾದರೆ ತೊಳೆದ ಮಣ್ಣನ್ನೇ ಮತ್ತೆ ಬಳಿದಂತೆ. ಬಟ್ಟೆ ಸೋಪಿನ ಪುಡಿ, ತೆಂಗಿನ ನಾರು ಹತ್ತಿರವೂ ಸುಳಿಯಬಾರದು. ಒರೆಸಿ ಒಣಗಿದ ಮೇಲೆ ಕಡಲೆಕಾಳಿನಷ್ಟು ಕಾಂಪೌಂಡು, ಒದ್ದೆ ಮಾಡಿ ಹಿಂಡಿದ ಬಟ್ಟೆ, ಬೆರಳುಗಳ ಹಗುರ ಒತ್ತು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಇಪ್ಪತ್ತು ಸಲ ಉಜ್ಜಿ ಒರೆಸಿ ನೋಡುವುದು, ಮತ್ತೆ ಇಪ್ಪತ್ತು. ಬಾನೆಟ್ಟಿನ ಅಂಚು, ಮಡಿಕೆಗಳ ಮೇಲೆ ಪದರ ತೆಳು, ಅಲ್ಲಿ ಉಜ್ಜಬಾರದು.

ಗೀರು ಹೋಗುವುದು ಅದನ್ನು ತುಂಬಿದ್ದರಿಂದ ಅಲ್ಲ, ಸುತ್ತಲಿನ ಹೊದಿಕೆಯನ್ನು ಗೀರಿನ ಮಟ್ಟಕ್ಕೆ ಇಳಿಸಿದ್ದರಿಂದ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಬಡ್ಡಿಯಿಂದ ತೆಗೆಯುವುದಲ್ಲ, ಅಸಲಿನಿಂದ. ಒಮ್ಮೆ ತೆಗೆಯಬಹುದು, ಎರಡು ಸಲ ತೆಗೆಯಬಹುದು. ತಿಂಗಳಿಗೊಮ್ಮೆ ಉಜ್ಜುತ್ತ ಹೋದರೆ ಖಾತೆ ಬರಿದು. ಮೊಮ್ಮಗಳು ಟೂತ್‌ಪೇಸ್ಟ್ ಪ್ರಯೋಗವನ್ನೂ ಮಾಡಿದಳು. ಅವಳ ಹೆಸರಿನ ಒಂದು ಅಕ್ಷರಕ್ಕೆ ಬಿಳಿ ಪೇಸ್ಟು ಹಚ್ಚಿ ಉಜ್ಜಿದರೆ ಅರ್ಧಕ್ಕರ್ಧ ಹೋಯಿತು. ಅದರಲ್ಲೂ ಹಲ್ಲು ಉಜ್ಜುವುದಕ್ಕೆಂದು ನುಣ್ಣನೆಯ ಪುಡಿ ಇರುತ್ತದೆ. ಬಹಳ ತೆಳು ಗೀರಿಗೆ ಆದೀತು, ನನ್ನ ಓಟು ಕಾಂಪೌಂಡಿಗೇ.

ಒಂದೂವರೆ ಗಂಟೆ ಹಿಡಿಯಿತು. ಸರದಿಯ ಮೇಲೆ ಉಜ್ಜಿದೆವು. ಅಳಿಯ ಜೋರಾಗಿ ಒತ್ತಿದಾಗಲೆಲ್ಲ ಮೊಳಕಾಲ್ಮೂರಿನ ಹಿರಿಯರು, “ಹಗೂರ, ಹಗೂರ ಅಪ್ಪಾ, ಇದೇನು ರಾಗಿ ಬೀಸೋ ಕೆಲಸಾನಾ?” ಎಂದು ನಗಿಸಿದರು. ಹುಡುಗನಿಗೆ ಅವನ ಹೆಸರನ್ನು ಅವನೇ ಅಳಿಸುವ ಕೆಲಸ. ಒಂದೊಂದು ಅಕ್ಷರ ಹೋದಾಗಲೂ ಮುಖ ಬಾನೆಟ್ಟಿಗೆ ತಾಗುವಷ್ಟು ಬಗ್ಗಿ ನೋಡುತ್ತಿದ್ದ. ಎರಡೂ ಹೆಸರು ಹೋದವು. ‘ಕ’ದ ಅಡ್ಡಗೆರೆಯೂ ಹೋಯಿತು. ನೆಟ್ಟಗಿನ ಗೆರೆ ಮಾತ್ರ ಸಣ್ಣಗಾಗಿ ಉಳಿದುಕೊಂಡಿತು. ಅಲ್ಲಿಗೆ ನಾನು ಕೈ ತಡೆದೆ. ಅದನ್ನೂ ತೆಗೆಯುವ ಹಟಕ್ಕೆ ಬಿದ್ದರೆ ಕ್ಲಿಯರ್ ಕೋಟೇ ಹೋಗಿ ಅಂಗೈಯಗಲ ಮಂಕು ಕಲೆ ಉಳಿಯುತ್ತದೆ. ಕೊನೆಗೆ ಪಾಲಿಶು ಹಚ್ಚಿ ಒರೆಸಿದೆವು.

ಆ ಗೆರೆಗೆ ಟಚಪ್ ಬಣ್ಣ ಹಚ್ಚೋಣವೇ ಎಂದು ಅಳಿಯ ಕೇಳಿದರು. ಬಣ್ಣ ಕಿತ್ತಿಲ್ಲ, ತಗಡು ಕಂಡಿಲ್ಲ. ಹಾಗಾಗಿ ಅವಸರವೇನೂ ಇರಲಿಲ್ಲ. ತಗಡು ಕಂಡಿದ್ದರೆ ಬಿಡುವ ಹಾಗಿಲ್ಲ, ತುಕ್ಕು ಒಳಗೊಳಗೇ ಹಬ್ಬುತ್ತದೆ. ಮಕ್ಕಳು ಅಮೆರಿಕ, ಕೆನಡಾದಲ್ಲಿರುವ ಅಜ್ಜ-ಅಜ್ಜಿಯರಿಗೆ ಇದು ಗೊತ್ತಿರಬೇಕು. ಅಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕುತ್ತಾರೆ, ಆ ಉಪ್ಪುನೀರು ಗೀರಿನೊಳಗೆ ಇಳಿದರೆ ತುಕ್ಕಿಗೆ ಹಬ್ಬ. ಆದರೆ ಅಲ್ಲಿನ ಚಳಿಯಲ್ಲಿ ಹೊರಗೆ ನಿಂತು ಬಣ್ಣ ಹಚ್ಚುವಂತಿಲ್ಲ. 10 ಡಿಗ್ರಿಗಿಂತ ಕೆಳಗೆ ಬಣ್ಣ ಸರಿಯಾಗಿ ಒಣಗಿ ಗಟ್ಟಿಯಾಗುವುದಿಲ್ಲ. ಕಾರನ್ನು ಬೆಚ್ಚಗಿನ ಗ್ಯಾರೇಜಿನೊಳಗೆ ತಂದು, ತಗಡೂ ಬೆಚ್ಚಗಾಗುವ ತನಕ ಕಾದು, ತೆಳ್ಳಗೆ ಒಂದು ಪದರ ಹಚ್ಚಿ, ಅದು ಒಣಗಿದ ಮೇಲೆ ಇನ್ನೊಂದು. ಗಾಜಿನ ಮೇಲೆ ಹೆಪ್ಪುಗಟ್ಟಿದ ಹಿಮ ಕೆರೆಯುವ ಉಪಕರಣವನ್ನು ಬಣ್ಣದ ಮೇಲೆ ಆಡಿಸಿ ಗೀರು ಮಾಡಿಕೊಳ್ಳುವವರೂ ಅಲ್ಲಿದ್ದಾರಂತೆ.

ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತೆವು, ಹುಡುಗ ಮೊಮ್ಮಗಳ ಪಕ್ಕದಲ್ಲಿ. ಅವನ ತಾತ ಹೊರಡುವ ಹೊತ್ತಿಗೆ ಮತ್ತೆ ಕವರು ತೆಗೆದರು. ಅಳಿಯ ಅವರ ಕೈ ಹಿಡಿದು ಬೇಡವೇ ಬೇಡ ಎಂದರು. ಆ ಮನುಷ್ಯರ ಮುಖ ನೋಡಿದರೆ ಸುಮ್ಮನೆ ಹೋಗುವ ಪೈಕಿ ಅಲ್ಲ ಎಂದು ತಿಳಿಯಿತು. ಸಾಮಾನಿನ ಖರ್ಚು 350, ಮಕ್ಕಳು ಇಬ್ಬರು, ತಲಾ 175 ಎಂದು ಲೆಕ್ಕ ಹೇಳಿದೆ. 175 ರೂಪಾಯಿ ಎಣಿಸಿ ಕೊಟ್ಟರು. ತೆಗೆದುಕೊಂಡು ಚೀಟಿ ಬರೆದುಕೊಟ್ಟೆ. ಅದನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಹಾಕಿಕೊಂಡು ನಾಲ್ಕು ಗಂಟೆಯ ಬಸ್ಸು ಹತ್ತಿದರು.

ಬೆಂಗಳೂರಿಗೆ ಹೊರಡುವ ದಿನ ಮೊಮ್ಮಗಳು ಬಾನೆಟ್ ಮುಂದೆ ನಿಂತು ಉಳಿದ ಗೆರೆಯನ್ನು ತಲೆ ಓರೆ ಮಾಡಿ ನೋಡಿದಳು. “ತಾತ, ಅಡ್ಡಗೆರೆ ಹೋಯ್ತಲ್ಲ, ಈಗ ಇದು ‘ಕ’ ಅಲ್ಲ, ‘ರ’!” ಎಂದಳು. ಹುಡುಗ ಒಂದು ಕ್ಷಣ ತನ್ನ ಹೆಸರನ್ನು ಬಾಯಲ್ಲೇ ಹೇಳಿಕೊಂಡು, “ಅದೂ ನಂದೇ. ನನ್ನ ಹೆಸರಲ್ಲಿ ಎರಡನೇ ಅಕ್ಷರ,” ಎಂದ. ಅಳಿಯ ನಕ್ಕು ಕಾರು ಚಾಲೂ ಮಾಡಿದರು.